ಯಂತ್ರಕ್ಕೆ ಆಲೋಚನೆ ಕಲಿಸಿದ ಅಧ್ಯಾಪಕ ಮತ್ತು ನಮ್ಮ ಮಕ್ಕಳ ಕಲಿಕೆ

ನಮ್ಮ ಮನೆಗಳಲ್ಲಿ ಈಗ ಸಂಜೆಯ ಹೊತ್ತು ಕಾಣಸಿಗುವ ಒಂದು ದೃಶ್ಯವನ್ನು ನಾವೆಲ್ಲ ಬಲ್ಲೆವು. ಮಗು ಗಣಿತದ ಲೆಕ್ಕವೊಂದರ ಫೋಟೋ ತೆಗೆಯುತ್ತದೆ. ಮೊಬೈಲಿನೊಳಗಿನ ಕೃತಕ ಬುದ್ಧಿಮತ್ತೆ ಕ್ಷಣಾರ್ಧದಲ್ಲಿ ಉತ್ತರವನ್ನು ಹಂತ ಹಂತವಾಗಿ ಬರೆದುಕೊಡುತ್ತದೆ. ಮಗು ಅದನ್ನು ಪುಸ್ತಕಕ್ಕೆ ಇಳಿಸಿಕೊಳ್ಳುತ್ತದೆ. ತಾಯಿಗೆ ಸಮಾಧಾನ, ಟ್ಯೂಷನ್ ಶುಲ್ಕ ಉಳಿಯಿತೆಂದು ತಂದೆಗೆ ಸಂತೋಷ, ಮರುದಿನ ಶಾಲೆಯಲ್ಲಿ ಶಿಕ್ಷಕರಿಂದ ಕೆಂಪು ಶಾಯಿಯ ಸರಿ ಗುರುತು. ಎಲ್ಲರೂ ತೃಪ್ತರು. ಆದರೆ ಈ ಇಡೀ ವ್ಯವಹಾರದಲ್ಲಿ ಲೆಕ್ಕ ಕಲಿತವರು ಯಾರು? 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಜನರ ಕೈಗೆ ಬಂದಂದಿನಿಂದ ಈ ಪ್ರಶ್ನೆ ನಮ್ಮ ಸಣ್ಣ ಪಟ್ಟಣಗಳ ಮನೆಗಳನ್ನೂ ಪ್ರವೇಶಿಸಿದೆ. ಯಂತ್ರವನ್ನು ಬಹಿಷ್ಕರಿಸಬೇಕೆಂದು ಕೆಲವರೂ, ಇನ್ನು ಅಧ್ಯಾಪಕರೇ ಬೇಕಿಲ್ಲವೆಂದು ಕೆಲವರೂ ವಾದಿಸುತ್ತಿದ್ದಾರೆ. ಎರಡೂ ಅವಸರದ ತೀರ್ಮಾನಗಳೆಂದು ನಾವು ಭಾವಿಸುತ್ತೇವೆ.

ನಿಜವಾಗಿ, ಈ ಪ್ರಶ್ನೆಯನ್ನು ಕೇಳಬೇಕಾದದ್ದು ಇಂತಹ ಯಂತ್ರಕ್ಕೆ ಮೊತ್ತಮೊದಲು ಆಲೋಚಿಸಲು ಕಲಿಸಿದವರಲ್ಲಿ. ಅಂಥವರಲ್ಲಿ ಒಬ್ಬರು ಅಮೇರಿಕದ ಪಿಟ್ಸ್‌ಬರ್ಗ್ ನಗರದ ವಿಶ್ವವಿದ್ಯಾನಿಲಯದಲ್ಲಿ 1949ರಿಂದ 2001ರ ತನಕ ಅಧ್ಯಾಪಕರಾಗಿದ್ದ ಹರ್ಬರ್ಟ್ ಸೈಮನ್. ಇಂದು ಕಾರ್ನೆಗೀ ಮೆಲನ್ ಎಂದು ಕರೆಯಲ್ಪಡುವ ಆ ವಿದ್ಯಾಸಂಸ್ಥೆಯಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿ ಪಾಠ ಹೇಳಿದ ಅವರ ಬದುಕು, ಮಕ್ಕಳ ಭವಿಷ್ಯದ ಕುರಿತು ಚಿಂತಿಸುವ ಪ್ರತಿಯೊಂದು ಕುಟುಂಬವೂ ಅರಿತಿರಬೇಕಾದದ್ದು. ಅವರಿಗೆ ದೊರೆತ ಪ್ರಶಸ್ತಿಗಳು ಇದಕ್ಕೆ ಕಾರಣವಲ್ಲ. ಯಂತ್ರದ ಕುರಿತು ಅಷ್ಟೊಂದು ಭರವಸೆಯಿರಿಸಿದ್ದ ಆ ಮನುಷ್ಯ, ಮನುಷ್ಯರ ಕಲಿಕೆಯ ಕುರಿತು ಹೇಳಿದ್ದೇನು ಎಂಬುದೇ ಇಲ್ಲಿ ಮುಖ್ಯ.

ಸೈಮನ್ 1916ರಲ್ಲಿ ಮಿಲ್ವಾಕಿ ನಗರದಲ್ಲಿ ಜನಿಸಿದರು. ತಂದೆ ಜರ್ಮನಿಯಿಂದ ವಲಸೆ ಬಂದ ವಿದ್ಯುತ್ ಎಂಜಿನಿಯರ್. ತಾಯಿ ಪಿಯಾನೋ ವಾದಕಿ. ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಅವರು ಓದಿದ್ದು ಗಣಿತವನ್ನಲ್ಲ, ಎಂಜಿನಿಯರಿಂಗನ್ನೂ ಅಲ್ಲ, ರಾಜ್ಯಶಾಸ್ತ್ರವನ್ನು. ವಿದ್ಯಾರ್ಥಿಯಾಗಿದ್ದಾಗ ತನ್ನ ಹುಟ್ಟೂರಿನ ಮಕ್ಕಳ ಆಟದ ಮೈದಾನಗಳ ಆಡಳಿತವನ್ನು ಅವರು ಅಧ್ಯಯನ ಮಾಡಿದರು. ಆ ಮೈದಾನಗಳನ್ನು ಎರಡು ಇಲಾಖೆಗಳು ಜೊತೆಯಾಗಿ ನೋಡಿಕೊಳ್ಳುತ್ತಿದ್ದವು ಮತ್ತು ಹಣವನ್ನು ಯಾವುದಕ್ಕೆ ಖರ್ಚು ಮಾಡಬೇಕೆಂಬ ವಿಷಯದಲ್ಲಿ ಸದಾ ತಗಾದೆಯಿತ್ತು. ಅರ್ಥಶಾಸ್ತ್ರದ ಪುಸ್ತಕಗಳು ಹೇಳುವಂತೆ ಎಲ್ಲ ಸಾಧ್ಯತೆಗಳನ್ನೂ ತೂಗಿ ನೋಡಿ ಅತ್ಯುತ್ತಮವಾದುದನ್ನು ಆರಿಸುವ ಮನುಷ್ಯರು ಅಲ್ಲಿ ಅವರಿಗೆ ಕಾಣಸಿಗಲಿಲ್ಲ. ಹಾಗಾದರೆ ಮನುಷ್ಯರು ವಾಸ್ತವದಲ್ಲಿ ನಿರ್ಧಾರ ಕೈಗೊಳ್ಳುವುದು ಹೇಗೆ? ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಅವರು ಜೀವನವಿಡೀ ನಡೆದರು.

ಆ ಪ್ರಶ್ನೆ ಅವರನ್ನು ಆಪರೇಶನ್ಸ್ ರಿಸರ್ಚ್ ಎಂಬ ಶಾಸ್ತ್ರದ ಕಡೆಗೆ ಒಯ್ದಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಬೆಳೆದ ಶಾಸ್ತ್ರವಿದು. ಸರಕು ಹಡಗುಗಳು ಶತ್ರುಗಳ ಕಣ್ಣು ತಪ್ಪಿಸಿ ಸಾಗರ ದಾಟಬೇಕಾದರೆ ಸಣ್ಣ ಗುಂಪುಗಳಲ್ಲಿ ಹೋಗುವುದು ಉತ್ತಮವೋ, ದೊಡ್ಡ ಗುಂಪುಗಳಲ್ಲಿ ಹೋಗುವುದು ಉತ್ತಮವೋ ಎಂಬಂತಹ ಪ್ರಶ್ನೆಗಳಿಗೆ ವಿಜ್ಞಾನಿಗಳು ಅಂಕಿ ಅಂಶಗಳನ್ನು ಮುಂದಿಟ್ಟು ಉತ್ತರ ಕಂಡುಹಿಡಿದರು. ದೊಡ್ಡ ಗುಂಪೇ ಹೆಚ್ಚು ಸುರಕ್ಷಿತವೆಂದು ಲೆಕ್ಕ ಹೇಳಿತು. ಯುದ್ಧ ಮುಗಿದ ಬಳಿಕ ಇದೇ ವಿಧಾನವು ಕಾರ್ಖಾನೆ, ರೈಲು, ಗೋದಾಮುಗಳಿಗೆ ಅನ್ವಯವಾಯಿತು. ಇರುವ ಸಂಪನ್ಮೂಲದಲ್ಲಿ ಗರಿಷ್ಠ ಪ್ರಯೋಜನ ಪಡೆಯುವುದು ಹೇಗೆಂದು ಗಣಿತದ ಮೂಲಕ ನಿರ್ಧರಿಸುವುದೇ ಇದರ ತಿರುಳು. ಪಿಟ್ಸ್‌ಬರ್ಗ್‌ನಲ್ಲಿ ಹೊಸದಾಗಿ ಆರಂಭವಾಗಿದ್ದ ಕೈಗಾರಿಕಾ ಆಡಳಿತದ ಕಾಲೇಜಿಗೆ ಸೈಮನ್ ಸೇರಿದ್ದು ಈ ಸಂದರ್ಭದಲ್ಲಿಯೇ. ಮೂವರು ಸಹೋದ್ಯೋಗಿಗಳ ಜೊತೆಗೂಡಿ ಅವರು ಬಣ್ಣದ ಕಾರ್ಖಾನೆಯೊಂದರ ಉತ್ಪಾದನೆ, ದಾಸ್ತಾನು ಮತ್ತು ಕಾರ್ಮಿಕರ ಸಂಖ್ಯೆಯನ್ನು ಯೋಜಿಸುವ ಸೂತ್ರಗಳನ್ನು ರೂಪಿಸಿದರು. 1960ರಲ್ಲಿ ಪುಸ್ತಕವಾಗಿ ಹೊರಬಂದ ಆ ಕೆಲಸವನ್ನು ಈ ಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಆದರೆ ಸೂತ್ರ ಬರೆಯುತ್ತಿರುವಾಗಲೇ ಸೈಮನ್‌ರಿಗೆ ಸೂತ್ರದ ಮಿತಿಯೂ ಗೋಚರಿಸಿತು. ಗಣಿತವು ಅತ್ಯುತ್ತಮ ಉತ್ತರವನ್ನು ಕೊಡುವುದು ಸಮಸ್ಯೆಯನ್ನು ಅಂಕಿಗಳಲ್ಲಿ ಪೂರ್ಣವಾಗಿ ಬರೆಯಲು ಸಾಧ್ಯವಾದಾಗ ಮಾತ್ರ. ಬದುಕಿನ ಹೆಚ್ಚಿನ ಸಮಸ್ಯೆಗಳು ಹಾಗಿರುವುದಿಲ್ಲ. ಮಗಳಿಗೆ ವರ ಹುಡುಕುವ ತಂದೆಯು ಜಗತ್ತಿನ ಎಲ್ಲ ವರರನ್ನೂ ಹೋಲಿಸಿ ನೋಡುತ್ತಾನೆಯೇ? ಮನೆಗೆ ಬೇಕಾದುದೇನೆಂದು ಮನಸ್ಸಿನಲ್ಲಿ ಒಂದು ಮಟ್ಟವನ್ನು ನಿಗದಿಪಡಿಸಿಕೊಂಡು, ಆ ಮಟ್ಟವನ್ನು ಮುಟ್ಟುವ ಸಂಬಂಧ ಬಂದಾಗ ಹುಡುಕಾಟವನ್ನು ನಿಲ್ಲಿಸುತ್ತಾನೆ. ಮನುಷ್ಯನ ಅರಿವು, ಸಮಯ, ಲೆಕ್ಕ ಹಾಕುವ ಶಕ್ತಿ ಎಲ್ಲವೂ ಸೀಮಿತ. ಆದ್ದರಿಂದ ಅವನು ಅತ್ಯುತ್ತಮವಾದುದನ್ನಲ್ಲ, ಸಾಕಷ್ಟು ಉತ್ತಮವಾದುದನ್ನು ಆರಿಸುತ್ತಾನೆ ಎಂಬ ಸೈಮನ್‌ರ ವಿಚಾರವು ಅರ್ಥಶಾಸ್ತ್ರದ ಬುಡವನ್ನೇ ಅಲುಗಾಡಿಸಿತು. 1978ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೋಬೆಲ್ ಪ್ರಶಸ್ತಿ ಬಂದದ್ದು ಸಂಸ್ಥೆಗಳ ಒಳಗೆ ನಿರ್ಧಾರಗಳು ಹೇಗೆ ರೂಪುಗೊಳ್ಳುತ್ತವೆ ಎಂಬ ಈ ಅಧ್ಯಯನಕ್ಕೇ.

ಇಲ್ಲಿಂದ ಕೃತಕ ಬುದ್ಧಿಮತ್ತೆಗೆ ಒಂದೇ ಹೆಜ್ಜೆ. ಮನುಷ್ಯನು ಎಲ್ಲ ಸಾಧ್ಯತೆಗಳನ್ನೂ ಪರಿಶೀಲಿಸದೆ ಅನುಭವದ ಸುಳಿವುಗಳನ್ನು ಹಿಡಿದು ಉತ್ತರದ ಕಡೆಗೆ ಸಾಗುತ್ತಾನೆ ಎಂದಾದರೆ, ಅದೇ ಸುಳಿವುಗಳನ್ನು ಯಂತ್ರಕ್ಕೂ ಕಲಿಸಬಹುದಲ್ಲವೇ? ಅಲೆನ್ ನ್ಯೂವೆಲ್ ಮತ್ತು ಕ್ಲಿಫ್ ಶಾ ಎಂಬವರೊಂದಿಗೆ ಸೇರಿ ಸೈಮನ್ ಈ ಪ್ರಯತ್ನಕ್ಕೆ ಇಳಿದರು. ತರ್ಕಶಾಸ್ತ್ರದ ಪ್ರಮೇಯಗಳನ್ನು ಸಾಧಿಸುವ ಕ್ರಮವಿಧಿಯೊಂದು 1955ರ ಕೊನೆಗೆ ಕಾಗದದ ಮೇಲೆ ಸಿದ್ಧವಾಯಿತು. ಆದರೆ ಅದನ್ನು ಓಡಿಸಲು ಕಂಪ್ಯೂಟರ್ ಇನ್ನೂ ಸಜ್ಜಾಗಿರಲಿಲ್ಲ. ಆಗ ಸೈಮನ್ ಮಾಡಿದ್ದೇನು? 1956ರ ಜನವರಿಯ ಒಂದು ಸಂಜೆ ಅವರು ತನ್ನ ಪತ್ನಿಯನ್ನೂ ಮೂವರು ಮಕ್ಕಳನ್ನೂ ಕೆಲವು ವಿದ್ಯಾರ್ಥಿಗಳನ್ನೂ ಕಾಲೇಜಿನ ಕಟ್ಟಡದಲ್ಲಿ ಒಟ್ಟು ಸೇರಿಸಿದರು. ಕ್ರಮವಿಧಿಯ ಒಂದೊಂದು ಭಾಗವನ್ನು ಒಂದೊಂದು ಕಾರ್ಡಿನಲ್ಲಿ ಬರೆದು ಒಬ್ಬೊಬ್ಬರ ಕೈಗೆ ಕೊಟ್ಟರು. ಪ್ರತಿಯೊಬ್ಬರೂ ತಮ್ಮ ಕಾರ್ಡಿನಲ್ಲಿ ಬರೆದಿದ್ದನ್ನು ಮಾತ್ರ ಮಾಡಬೇಕು, ಅದೂ ಸರದಿ ಬಂದಾಗ. ಹೀಗೆ ಜಗತ್ತಿನ ಮೊದಲ ಕೃತಕ ಬುದ್ಧಿಮತ್ತೆಯ ಕ್ರಮವಿಧಿಗಳಲ್ಲೊಂದು ಕಂಪ್ಯೂಟರಿನಲ್ಲಿ ಓಡುವುದಕ್ಕೆ ಮೊದಲು ಒಂದು ಕುಟುಂಬದ ಕೈಗಳಲ್ಲಿ ಓಡಿತು. ಅದೇ ವರ್ಷ ಕಂಪ್ಯೂಟರಿನಲ್ಲೂ ಅದು ಕೆಲಸ ಮಾಡಿತು ಮತ್ತು ರಸೆಲ್ ಹಾಗೂ ವೈಟ್‌ಹೆಡ್‌ರ ಪ್ರಸಿದ್ಧ ಗಣಿತ ಗ್ರಂಥದ ಎರಡನೇ ಅಧ್ಯಾಯದ 52 ಪ್ರಮೇಯಗಳ ಪೈಕಿ 38ನ್ನು ಸಾಧಿಸಿ ತೋರಿಸಿತು.

ಆ ಜನವರಿಯಲ್ಲಿ ರಜೆ ಮುಗಿಸಿ ತರಗತಿಗೆ ಬಂದ ಸೈಮನ್, ಕ್ರಿಸ್ಮಸ್ ರಜೆಯಲ್ಲಿ ತಾನೂ ನ್ಯೂವೆಲ್ಲರೂ ಸೇರಿ ಆಲೋಚಿಸುವ ಯಂತ್ರವೊಂದನ್ನು ಕಂಡುಹಿಡಿದಿರುವುದಾಗಿ ವಿದ್ಯಾರ್ಥಿಗಳಿಗೆ ತಿಳಿಸಿದರು. ಬಳಿಕ ಅವರು ಆ ಕಾಲದ ಐಬಿಎಂ ಕಂಪ್ಯೂಟರಿನ ಕೈಪಿಡಿಯನ್ನು ಅವರ ಕೈಗಿತ್ತರು. ಎಡ್ವರ್ಡ್ ಫೈಗನ್‌ಬಾಮ್ ಎಂಬ ವಿದ್ಯಾರ್ಥಿ ಆ ಪುಸ್ತಕವನ್ನು ಕೊಂಡೊಯ್ದು ರಾತ್ರಿಯಿಡೀ ಓದಿದ. ಬೆಳಗಾಗುವಷ್ಟರಲ್ಲಿ ತನ್ನ ಬದುಕಿನ ದಾರಿ ಆತನಿಗೆ ಸ್ಪಷ್ಟವಾಗಿತ್ತು. ಮುಂದೆ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾದ ಇದೇ ಫೈಗನ್‌ಬಾಮ್, ತಜ್ಞರ ಜ್ಞಾನವನ್ನು ಕಂಪ್ಯೂಟರಿನಲ್ಲಿ ಅಳವಡಿಸುವ ಶಾಖೆಯನ್ನೇ ಕಟ್ಟಿದರು. 1994ರಲ್ಲಿ ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ದೊರೆಯಿತು. ಅದೇ ಪ್ರಶಸ್ತಿಯನ್ನು ಗುರು ಸೈಮನ್ ನ್ಯೂವೆಲ್ಲರೊಂದಿಗೆ 1975ರಲ್ಲಿಯೇ ಪಡೆದಿದ್ದರು.

1994ರ ಆ ಪ್ರಶಸ್ತಿಯನ್ನು ಫೈಗನ್‌ಬಾಮ್‌ರೊಂದಿಗೆ ಹಂಚಿಕೊಂಡವರು ಭಾರತೀಯ ಮೂಲದ ರಾಜ್ ರೆಡ್ಡಿ ಎಂಬುದನ್ನು ನಾವು ಗಮನಿಸಬೇಕು. ಆಂಧ್ರಪ್ರದೇಶದ ಕಾಟೂರು ಎಂಬ ಹಳ್ಳಿಯಲ್ಲಿ ಜನಿಸಿ, ತನ್ನ ಕುಟುಂಬದಲ್ಲಿಯೇ ಮೊದಲಿಗನಾಗಿ ಕಾಲೇಜು ಮೆಟ್ಟಿಲೇರಿದ ಅವರು 1969ರಲ್ಲಿ ಸೈಮನ್ ಇದ್ದ ಕಾರ್ನೆಗೀ ಮೆಲನ್ನಿಗೆ ಅಧ್ಯಾಪಕರಾಗಿ ಬಂದರು. ಮಾತನ್ನು ಗ್ರಹಿಸುವ ಯಂತ್ರಗಳ ಸಂಶೋಧನೆಯಲ್ಲಿ ಹೆಸರು ಮಾಡಿದ ಬಳಿಕ ಅವರು ತನ್ನ ನಾಡನ್ನು ಮರೆಯಲಿಲ್ಲ. ಹಳ್ಳಿಯ ಪ್ರತಿಭಾವಂತ ಮಕ್ಕಳಿಗೆ ಹತ್ತನೇ ತರಗತಿಯ ಬಳಿಕ ನೇರ ಪ್ರವೇಶ ನೀಡಿ ಆರು ವರ್ಷಗಳಲ್ಲಿ ಎಂಜಿನಿಯರಿಂಗ್ ಪದವಿ ಕೊಡುವ ವಿಶ್ವವಿದ್ಯಾನಿಲಯವೊಂದು 2008ರಲ್ಲಿ ಆಂಧ್ರಪ್ರದೇಶದಲ್ಲಿ ಸ್ಥಾಪನೆಯಾಗುವುದರ ಹಿಂದೆ ಅವರ ಪಾತ್ರ ದೊಡ್ಡದು. ಒಬ್ಬ ಅಧ್ಯಾಪಕನ ಸಾಧನೆಯನ್ನು ಅಳೆಯಬೇಕಾದದ್ದು ಆತನ ಸಂಬಳದಿಂದಲೋ ಬಿರುದುಗಳಿಂದಲೋ ಅಲ್ಲ. ಆತನ ತರಗತಿಯಿಂದ, ಆತನ ಒಡನಾಟದಿಂದ ಎದ್ದು ಹೋದವರಿಂದ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ?

ಹಾಗಂತ ಸೈಮನ್ ತಪ್ಪೇ ಮಾಡದ ಮನುಷ್ಯರೇನೂ ಆಗಿರಲಿಲ್ಲ. 1957ರಲ್ಲಿ ಆಪರೇಶನ್ಸ್ ರಿಸರ್ಚ್ ತಜ್ಞರ ಸಭೆಯಲ್ಲಿ ಮಾತನಾಡುತ್ತಾ, ಇನ್ನು ಹತ್ತು ವರ್ಷಗಳೊಳಗೆ ಕಂಪ್ಯೂಟರ್ ಚದುರಂಗದ ವಿಶ್ವ ಚಾಂಪಿಯನ್ ಆಗಲಿದೆಯೆಂದು ಅವರು ಭವಿಷ್ಯ ನುಡಿದರು. ಹತ್ತು ವರ್ಷ ಕಳೆಯಿತು, ಇಪ್ಪತ್ತು ಕಳೆಯಿತು, ಅದು ನಿಜವಾಗಲಿಲ್ಲ. ಟೀಕಾಕಾರರು ದಶಕಗಳ ಕಾಲ ಅದನ್ನೇ ಎತ್ತಿ ಆಡಿದರು. ಕೊನೆಗೆ 1997ರಲ್ಲಿ ಐಬಿಎಂನ ಡೀಪ್ ಬ್ಲೂ ಯಂತ್ರವು ಗ್ಯಾರಿ ಕಾಸ್ಪರೋವ್‌ರನ್ನು ಸೋಲಿಸಿತು. ಅಂದರೆ ನಲ್ವತ್ತು ವರ್ಷಗಳ ಬಳಿಕ. ಆ ಯಂತ್ರದ ಬೇರುಗಳು ಕಾರ್ನೆಗೀ ಮೆಲನ್ನಿನ ವಿದ್ಯಾರ್ಥಿಗಳ ಕೆಲಸದಲ್ಲಿಯೇ ಇದ್ದವು ಎಂಬುದು ಬೇರೆ ಮಾತು. ಇಂದು ಕೂಡಾ, ಇನ್ನೈದು ವರ್ಷಗಳಲ್ಲಿ ಇಂತಿಂಥ ಉದ್ಯೋಗಗಳೆಲ್ಲ ಇಲ್ಲವಾಗುತ್ತವೆ, ಇಂತಿಂಥ ಕೋರ್ಸುಗಳೆಲ್ಲ ವ್ಯರ್ಥ ಎಂಬ ಭವಿಷ್ಯವಾಣಿಗಳು ನಮ್ಮ ಸುತ್ತ ಧಾರಾಳವಾಗಿವೆ. ಈ ಶಾಸ್ತ್ರವನ್ನು ಕಟ್ಟಿದವರ ಲೆಕ್ಕವೇ ಮೂವತ್ತು ವರ್ಷ ತಪ್ಪಿರುವಾಗ, ಯಾರದೋ ಮಾತು ಕೇಳಿ ಮಕ್ಕಳ ಓದಿನ ದಿಕ್ಕನ್ನು ಆರು ತಿಂಗಳಿಗೊಮ್ಮೆ ಬದಲಿಸುವುದು ವಿವೇಕವೇ?

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಯಂತ್ರದ ಆಲೋಚನೆಯನ್ನು ರೂಪಿಸಲು ಹೊರಟ ಸೈಮನ್, ಅದಕ್ಕಾಗಿ ಮನುಷ್ಯನ ಕಲಿಕೆಯನ್ನು ಸೂಕ್ಷ್ಮವಾಗಿ ಅಭ್ಯಸಿಸಬೇಕಾಯಿತು. 1973ರಲ್ಲಿ ಅವರೂ ವಿಲಿಯಂ ಚೇಸ್‌ರೂ ಪ್ರಕಟಿಸಿದ ಪ್ರಯೋಗವೊಂದು ಬಹಳ ಪ್ರಸಿದ್ಧ. ಚದುರಂಗದ ನಡು ಆಟದ ಮಣೆಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೆ, ನುರಿತ ಆಟಗಾರನು ಹೆಚ್ಚಿನ ಕಾಯಿಗಳನ್ನು ನೆನಪಿನಿಂದಲೇ ಮತ್ತೆ ಜೋಡಿಸುತ್ತಾನೆ. ಹೊಸಬನಿಗೆ ಕೆಲವು ಕಾಯಿಗಳಷ್ಟೇ ನೆನಪಿರುತ್ತವೆ. ಹಾಗಾದರೆ ನುರಿತವನ ಸ್ಮರಣಶಕ್ತಿಯೇ ದೊಡ್ಡದೇ? ಅಲ್ಲ. ಕಾಯಿಗಳನ್ನು ಅಡ್ಡಾದಿಡ್ಡಿಯಾಗಿ ಇಟ್ಟು ತೋರಿಸಿದಾಗ ಇಬ್ಬರ ನಡುವಿನ ಅಂತರ ಹೆಚ್ಚುಕಡಿಮೆ ಮಾಯವಾಯಿತು. ಅಂದರೆ ನುರಿತವನಲ್ಲಿ ಇದ್ದದ್ದು ಹುಟ್ಟಿನಿಂದ ಬಂದ ಅದ್ಭುತ ನೆನಪಲ್ಲ. ಸಾವಿರಾರು ಆಟಗಳನ್ನು ಸ್ವತಃ ಆಡಿ, ಸೋತು, ತಿದ್ದಿಕೊಂಡು ಮನಸ್ಸಿನಲ್ಲಿ ಕೂಡಿಟ್ಟ ವಿನ್ಯಾಸಗಳು. ಸರಿಸುಮಾರು ಹತ್ತು ವರ್ಷಗಳ ತೀವ್ರ ಅಭ್ಯಾಸವಿಲ್ಲದೆ ಯಾರೂ ಆ ಎತ್ತರಕ್ಕೆ ಏರಿದ್ದು ಕಂಡುಬರುವುದಿಲ್ಲವೆಂದು ಅವರು ಬರೆದರು.

ಇದರ ಅರ್ಥವೇನು? ‘ನಮ್ಮ ಮಗುವಿಗೆ ತಲೆಯಿಲ್ಲ, ಗಣಿತ ಅವನಿಂದಾಗದು’ ಎಂದು ಎಂಟನೇ ತರಗತಿಯಲ್ಲಿಯೇ ತೀರ್ಪು ಕೊಡುವ ಹಕ್ಕು ನಮಗಿಲ್ಲ. ಹೆಣ್ಣು ಮಕ್ಕಳ ವಿಷಯದಲ್ಲಂತೂ ಈ ತೀರ್ಪು ಇನ್ನಷ್ಟು ಬೇಗ ಬರುತ್ತದೆ. ಅದೇ ವೇಳೆ, ಲೆಕ್ಕವನ್ನು ತಾನು ಮಾಡದೆ ಯಂತ್ರದಿಂದ ಮಾಡಿಸಿಕೊಂಡ ಮಗುವಿನ ಮನಸ್ಸಿನಲ್ಲಿ ಆ ವಿನ್ಯಾಸಗಳು ಮೂಡುವುದೂ ಇಲ್ಲ. ವ್ಯಾಯಾಮವನ್ನು ಬೇರೆಯವನಿಂದ ಮಾಡಿಸಿದರೆ ನಮ್ಮ ತೋಳು ಗಟ್ಟಿಯಾದೀತೇ? ಕಲಿಕೆಯೆಂಬುದು ಕಲಿಯುವವನು ಏನನ್ನು ಮಾಡುತ್ತಾನೆ, ಏನನ್ನು ಆಲೋಚಿಸುತ್ತಾನೆ ಎಂಬುದರಿಂದ ಮಾತ್ರ ಉಂಟಾಗುತ್ತದೆ. ಅಧ್ಯಾಪಕನ ಕೆಲಸವು ಅದಕ್ಕೆ ದಾರಿ ಮಾಡಿಕೊಡುವುದಷ್ಟೇ ಎಂಬುದು ಸೈಮನ್‌ರ ದೃಢವಾದ ನಿಲುವಾಗಿತ್ತು. ಯಂತ್ರಕ್ಕೆ ಆಲೋಚನೆ ಕಲಿಸಿದವರೇ ಹೀಗೆ ಹೇಳಿರುವಾಗ, ಯಂತ್ರವು ನಮ್ಮ ಮಕ್ಕಳ ಪರವಾಗಿ ಕಲಿತುಕೊಡುತ್ತದೆಂದು ನಂಬುವುದು ಆತ್ಮವಂಚನೆಯಲ್ಲದೆ ಮತ್ತೇನು?

ಹಾಗಾದರೆ ಯಂತ್ರ ಬರೆದುಕೊಟ್ಟ ಉತ್ತರಕ್ಕೆ ಬೆಲೆಯೇ ಇಲ್ಲವೇ? ಇದೆ. ಚೀನಾದ ಮನೋವಿಜ್ಞಾನಿ ಝು ಶಿನ್‌ಮಿಂಗ್‌ರೊಂದಿಗೆ ಸೈಮನ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಉತ್ತರವಿದೆ. ಅಲ್ಲಿನ ಮಾಧ್ಯಮಿಕ ಶಾಲೆಯ ಮಕ್ಕಳಿಗೆ ಬೀಜಗಣಿತವನ್ನು ಉಪನ್ಯಾಸದ ಮೂಲಕ ಹೇಳಿಕೊಡುವ ಬದಲು, ಎಚ್ಚರಿಕೆಯಿಂದ ಆರಿಸಿದ, ಬಿಡಿಸಿ ತೋರಿಸಿದ ಲೆಕ್ಕಗಳನ್ನು ಕೊಡಲಾಯಿತು. ಅವುಗಳನ್ನು ನೋಡಿ, ನಿಯಮವೇನೆಂದು ತಾವೇ ಕಂಡುಕೊಂಡು, ಕೂಡಲೇ ಹೊಸ ಲೆಕ್ಕಗಳನ್ನು ಮಕ್ಕಳು ಬಿಡಿಸಬೇಕಿತ್ತು. ಈ ವಿಧಾನದಲ್ಲಿ ಕಲಿತ ತರಗತಿಯೊಂದು ಮೂರು ವರ್ಷಗಳ ಗಣಿತ ಪಠ್ಯವನ್ನು ಎರಡೇ ವರ್ಷಗಳಲ್ಲಿ ಮುಗಿಸಿತು. ಬಿಡಿಸಿದ ಲೆಕ್ಕವೇನೋ ಎರಡೂ ಕಡೆ ಇದೆ. ಚೀನಾದ ಆ ತರಗತಿಯಲ್ಲೂ, ನಮ್ಮ ಮಗುವಿನ ಮೊಬೈಲಿನಲ್ಲೂ. ಆದರೆ ಅಲ್ಲಿ ಅದು ಆರಂಭವಾಗಿತ್ತು, ಇಲ್ಲಿ ಅದು ಅಂತ್ಯವಾಗಿದೆ.

ಈ ಮಾತು ನಮಗೆ ಹೊಸದಾಗಬೇಕಾದದ್ದೂ ಅಲ್ಲ. ಕಂಪ್ಯೂಟರ್ ಜಗತ್ತಿನ ಅಲ್ಗಾರಿದಮ್ ಎಂಬ ಪದವು ಒಂಬತ್ತನೇ ಶತಮಾನದ ಬಗ್ದಾದಿನ ವಿದ್ವಾಂಸ ಅಲ್ ಖ್ವಾರಿಝ್ಮಿಯವರ ಹೆಸರಿನಿಂದ ಬಂದದ್ದೆಂದು ನಾವು ವೇದಿಕೆಗಳಲ್ಲಿ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಬೀಜಗಣಿತಕ್ಕೆ ಹೆಸರು ಕೊಟ್ಟ ಅವರ ಗ್ರಂಥದಲ್ಲಿ ಏನಿದೆಯೆಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ? ವ್ಯಾಪಾರ, ಭೂಮಿಯ ಅಳತೆ ಮತ್ತು ವಿಶೇಷವಾಗಿ ವಾರೀಸು ಹಂಚಿಕೆಗೆ ಸಂಬಂಧಿಸಿದ ಲೆಕ್ಕಗಳನ್ನು ಒಂದರ ಬಳಿಕ ಒಂದರಂತೆ ಬಿಡಿಸಿ ತೋರಿಸಿದ ಪುಸ್ತಕವದು. ತಂದೆ ತೀರಿಕೊಂಡಾಗ ಮಗಳ ಪಾಲೆಷ್ಟು, ತಾಯಿಯ ಪಾಲೆಷ್ಟು ಎಂಬುದನ್ನು ಓದುಗನು ಸ್ವತಃ ಲೆಕ್ಕ ಹಾಕಲು ಶಕ್ತನಾಗಬೇಕೆಂಬುದು ಅದರ ಉದ್ದೇಶ. ಹೆಸರಿನ ಮೇಲಿನ ಅಭಿಮಾನ ಪುಕ್ಕಟೆ ಸಿಗುತ್ತದೆ; ವಿದ್ಯೆಗೆ ಬೆವರು ಬೇಕು. ಆ ಪಾಲನ್ನು ಲೆಕ್ಕ ಹಾಕಲು ಬಾರದ ಮನೆಯಲ್ಲಿ ಅಲ್ ಖ್ವಾರಿಝ್ಮಿಯವರ ಹೆಸರನ್ನು ಹೇಳಿ ಪ್ರಯೋಜನವೇನು?

ಆದ್ದರಿಂದ ನಾವು ಹೇಳಬಯಸುವುದು ಇಷ್ಟೆ. ಕೃತಕ ಬುದ್ಧಿಮತ್ತೆಯನ್ನು ಮನೆಯಿಂದ ಹೊರಗಟ್ಟುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಆದರೆ ಅದಕ್ಕೊಂದು ಶಿಸ್ತು ಬೇಕು. ಮಗು ಮೊದಲು ತಾನೇ ಪ್ರಯತ್ನಿಸಲಿ, ತಪ್ಪಲಿ. ಬಳಿಕ ಯಂತ್ರದ ಉತ್ತರವನ್ನು ನೋಡಲಿ. ನಂತರ ಮೊಬೈಲನ್ನು ಪಕ್ಕಕ್ಕಿಟ್ಟು, ಅಂಥದ್ದೇ ಇನ್ನೊಂದು ಲೆಕ್ಕವನ್ನು ಸ್ವತಃ ಬಿಡಿಸಿ ತೋರಿಸಲಿ. ಇದನ್ನು ನೋಡಿಕೊಳ್ಳಲು ತಂದೆ ತಾಯಿಗೆ ಬೀಜಗಣಿತ ಗೊತ್ತಿರಬೇಕಿಲ್ಲ. ಪಕ್ಕದಲ್ಲಿ ಕುಳಿತು ‘ಇದು ಹೀಗೇಕೆ ಬಂತು, ನನಗೆ ವಿವರಿಸು’ ಎಂದು ಕೇಳುವ ತಾಳ್ಮೆಯಿದ್ದರೆ ಸಾಕು. ಮಾಹಿತಿ ಹೆಚ್ಚಾದಂತೆಲ್ಲ ಮನುಷ್ಯನ ಗಮನವೇ ದುರ್ಲಭವಾಗುತ್ತದೆಂದು ಸೈಮನ್ 1971ರಲ್ಲಿಯೇ ಎಚ್ಚರಿಸಿದ್ದರು. ಆಗ ಮೊಬೈಲೂ ಇರಲಿಲ್ಲ, ಅಂತರ್ಜಾಲವೂ ಇರಲಿಲ್ಲ. ಇಂದು ನಮ್ಮ ಮನೆಗಳಲ್ಲಿ ಕೊರತೆಯಾಗಿರುವುದು ಮಾಹಿತಿಯಲ್ಲ, ಒಬ್ಬರು ಇನ್ನೊಬ್ಬರಿಗೆ ಕೊಡುವ ಗಮನ.

ಇನ್ನು ಯಾವ ಕೋರ್ಸು ಎಂಬ ಪ್ರಶ್ನೆ. ರಾಜ್ಯಶಾಸ್ತ್ರ ಓದಿದ ಹುಡುಗನೊಬ್ಬ ಅರ್ಥಶಾಸ್ತ್ರದಲ್ಲಿ ನೋಬೆಲ್ ಪಡೆದ, ಕಂಪ್ಯೂಟರ್ ವಿಜ್ಞಾನದಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದ, ಮನೋವಿಜ್ಞಾನದ ಪ್ರಾಧ್ಯಾಪಕನಾದ. 1988ರಲ್ಲಿ ಆಪರೇಶನ್ಸ್ ರಿಸರ್ಚಿನ ಅತ್ಯುನ್ನತ ಗೌರವವಾದ ಫಾನ್ ನಾಯ್ಮನ್ ಪ್ರಶಸ್ತಿಯೂ ಅವರದಾಯಿತು. ಎಲ್ಲರೂ ಸೈಮನ್ ಆಗಲಾರರು, ನಿಜ. ಆದರೆ ಕಲಾ ವಿಭಾಗವೆಂದರೆ ದಡ್ಡರಿಗೆ, ವಿಜ್ಞಾನವೆಂದರೆ ಬುದ್ಧಿವಂತರಿಗೆ ಎಂದು ಗೆರೆ ಎಳೆಯುವ ನಮ್ಮ ಅಭ್ಯಾಸವನ್ನು ಈ ಬದುಕು ಪ್ರಶ್ನಿಸುತ್ತದೆ. ಒಂದು ಒಳ್ಳೆಯ ಪ್ರಶ್ನೆಯನ್ನು ಹಿಡಿದು ಹೊರಟವನಿಗೆ ಎಲ್ಲ ವಿಭಾಗಗಳ ಬಾಗಿಲುಗಳೂ ತೆರೆಯುತ್ತವೆ.

ಸೈಮನ್ 2001ರ ಫೆಬ್ರವರಿಯಲ್ಲಿ ತನ್ನ 84ನೇ ವಯಸ್ಸಿನಲ್ಲಿ ನಿಧನರಾದರು. ಕೊನೆಯ ತನಕ ಅದೇ ವಿಶ್ವವಿದ್ಯಾನಿಲಯದ ಅಧ್ಯಾಪಕರಾಗಿಯೇ ಇದ್ದರು. ದಶಕಗಳ ಕಾಲ ಒಂದೇ ಮನೆಯಲ್ಲಿ ವಾಸಿಸಿ, ನಡೆದುಕೊಂಡೇ ತರಗತಿಗೆ ಹೋಗುತ್ತಿದ್ದವರು ಅವರು. ನಮ್ಮ ಊರಿನ ಸರಕಾರಿ ಶಾಲೆಗೂ ಹಾಗೆಯೇ ನಡೆದು ಬರುವ ಶಿಕ್ಷಕ ಶಿಕ್ಷಕಿಯರಿದ್ದಾರೆ. ಅವರ ಜಾಗವನ್ನು ಯಂತ್ರ ತುಂಬುತ್ತದೆಂದು ಹೇಳುವವರ ಮಾತಿಗೆ ಕಿವಿಗೊಡುವ ಮೊದಲು, ಕಂಪ್ಯೂಟರ್ ಇಲ್ಲದ ಆ ಸಂಜೆಯಲ್ಲಿ ಮಕ್ಕಳ ಕೈಗೆ ಒಂದೊಂದು ಕಾರ್ಡು ಕೊಟ್ಟು ಜೊತೆಗೆ ನಿಂತ ಆ ಅಧ್ಯಾಪಕನನ್ನು ನೆನಪಿಸಿಕೊಳ್ಳೋಣ. ಇಂದು ಸಂಜೆ ನಮ್ಮ ಮಗು ಮೊಬೈಲನ್ನು ಎತ್ತಿಕೊಳ್ಳುವಾಗ ನಾವು ಅದರ ಪಕ್ಕದಲ್ಲಿ ಇರುತ್ತೇವೆಯೇ ಎಂಬುದು ಪ್ರಶ್ನೆ.